ಊಟದ ತಾಟಿನಲ್ಲಿ ಬೆಳೆ ಪರಿವರ್ತನೆ

ಅಡಿಗೆಯವರಿಂದ ಒಕ್ಕಲುತನದ ಪಾಠ ಕಲಿಯಬಹುದೇ? ಕಲಿಯಬಹುದು ಎಂಬುದಕ್ಕೆ ಅಮೇರಿಕೆಯ ಬಾಣಸಿಗ ಡ್ಯಾನ್ ಬಾರ್ಬರ್ ಒಂದು ನಿದರ್ಶನ. 2015ರಲ್ಲಿ ಬಂದ ‘ಶೆಫ್ಸ್ ಟೇಬಲ್’ ಎಂಬ ಸಾಕ್ಷ್ಯಚಿತ್ರ ಮಾಲೆಯಲ್ಲಿ ಇವರ ಕೆಲಸವನ್ನು ತೋರಿಸಲಾಗಿದೆ.

ಬಾರ್ಬರ್ ಕಂಡದ್ದೇನು?

ತಮಗೆ ಒಳ್ಳೆಯ ಗೋದಿ ಕೊಡುತ್ತಿದ್ದ ನ್ಯೂಯಾರ್ಕ್ ರಾಜ್ಯದ ರೈತರೊಬ್ಬರ ಹೊಲಕ್ಕೆ ಇವರು ಹೋದರು. ಅಲ್ಲಿ ಗೋದಿಗಿಂತ ಅಲಸಂದಿ, ಬಟಾಣಿ, ಸಾಸಿವೆ, ಕಿರುಧಾನ್ಯಗಳೇ ಹೆಚ್ಚಾಗಿದ್ದವು. ಗೋದಿಗೆ ಬೇಕಾದ ಸಾರವನ್ನು ಭೂಮಿಗೆ ತುಂಬುವ ಬೆಳೆಗಳು ಇವೇ. ಆದರೆ ಇವಕ್ಕೆ ಒಳ್ಳೆಯ ಗಿರಾಕಿಗಳಿರಲಿಲ್ಲ. ಗೋದಿಯೊಂದನ್ನೇ ಕೊಂಡರೆ ಸಾಲದು, ಸರದಿಯ ಎಲ್ಲ ಬೆಳೆಗಳನ್ನೂ ಉಣಬಡಿಸಬೇಕೆಂದು ಬಾರ್ಬರ್ ಅರಿತರು. 2014ರ ತಮ್ಮ ‘ದಿ ಥರ್ಡ್ ಪ್ಲೇಟ್’ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ.

ನಮ್ಮ ಖಾನಾವಳಿಯ ತಾಟು

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಊಟವನ್ನು ನೋಡಿರಿ. ಬಿಳಿಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಜುಣಕ, ಗುರೆಳ್ಳು, ಅಗಸಿ, ಶೇಂಗಾ ಚಟ್ನಿ. ಏಕದಳ, ದ್ವಿದಳ, ಎಣ್ಣೆಕಾಳು ಮೂರೂ ಇಲ್ಲಿವೆ. ಜೋಳದ ಹೊಲದಲ್ಲಿ ಅಕ್ಕಡಿ ಹಾಕಿದ ಹಿರಿಯರು, ರೊಟ್ಟಿ ಬಡಿದ ತಾಯಂದಿರು ಕೂಡಿಯೇ ಈ ತಾಟನ್ನು ರೂಪಿಸಿದರು. ಜೋಳದಲ್ಲಿ ಗೋದಿಯಂಥ ಅಂಟಿಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದಾಗ ಪಿಷ್ಟ ಬೆಂದು ಜಿಗುಟು ಬರುತ್ತದೆ. ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಇದು ಯಾವ ಬಾಣಸಿಗನ ವಿದ್ಯೆಗೂ ಕಡಿಮೆಯಲ್ಲ.

ಚಿಂತೆಯ ಮಾತು

ಕೃಷ್ಣಾ, ಘಟಪ್ರಭಾ ನೀರು ಬಂದ ಮೇಲೆ ಅನೇಕರು ಕಬ್ಬು, ಕೂಳೆ, ಮತ್ತೆ ಕಬ್ಬು ಎಂದು ಬೆಳೆಯುತ್ತಿದ್ದಾರೆ. ನೀರು ಬಸಿಯದ ಎರೆಭೂಮಿಗೆ ಅತಿಯಾಗಿ ನೀರು ಹಾಯಿಸಿದರೆ ಸವಳು-ಜವಳು ತಪ್ಪಿದ್ದಲ್ಲ. ಕಬ್ಬು ಬೆಳೆದವರು ರೊಟ್ಟಿಯ ಜೋಳವನ್ನು ಸಂತೆಯಲ್ಲಿ ಕೊಳ್ಳಬೇಕಾಗುತ್ತದೆ.

ತಾವು ಮಾಡಬೇಕಾದುದು

1. ಕೂಳೆ ತೆಗೆದ ಹೊಲಕ್ಕೆ ಮುಂಗಾರಿನಲ್ಲಿ 60-70 ದಿನಗಳ ಹೆಸರು ಬಿತ್ತಿರಿ. ಹಿಂಗಾರಿಗೆ ಎಂ 35-1 ಜೋಳವನ್ನು ಸಪ್ಟೆಂಬರ ಎರಡನೆಯ ಪಕ್ಷದಿಂದ ಅಕ್ಟೋಬರ ಮಧ್ಯದೊಳಗೆ ಬಿತ್ತಿರಿ.

2. ಸವಳು ಕಂಡ ಹೊಲಕ್ಕೆ ಕಡಲೆ ಬೇಡ. ಅದು ಉಪ್ಪನ್ನು ತಾಳದು. ಜೋಳ, ಕುಸುಬಿ ಸ್ವಲ್ಪಮಟ್ಟಿಗೆ ತಾಳುತ್ತವೆ. ಮೊದಲು ಬಸಿಗಾಲುವೆ ತೆಗೆಯಿರಿ.

3. ಖಾನಾವಳಿಯವರನ್ನೂ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳನ್ನೂ ಬಿತ್ತುವ ಮೊದಲೇ ಕಂಡು, ಎಷ್ಟು ಜೋಳ, ಎಷ್ಟು ಕಾಳು ಬೇಕೆಂದು ಕೇಳಿರಿ. ರಬಕವಿ-ಬನಹಟ್ಟಿಯಂಥ ನೇಕಾರರ ಪಟ್ಟಣ ಹತ್ತಿರದಲ್ಲಿದ್ದರೆ ಅಲ್ಲಿಯೂ ವಿಚಾರಿಸಿರಿ.

ಇಡೀ ಹೊಲವನ್ನು ಒಮ್ಮೆಲೇ ಬದಲಿಸಬೇಕಾಗಿಲ್ಲ. ಈ ವರ್ಷ ಒಂದೇ ಎಕರೆಯಲ್ಲಿ ಮಾಡಿ, ಮುಂದಿನ ಕಬ್ಬಿನ ಬೆಳವಣಿಗೆಯನ್ನು ಹೋಲಿಸಿ ನೋಡಿರಿ.