ಹೊಳಪು ಕಳೆಯುವ ಗಾಜು



ಮದುವೆ, ಉಪನಯನ, ಜಾತ್ರೆಗಳ ಫೋಟೋ ತೆಗೆಯುವ ಹುಡುಗರು ಈಗ ಊರಿಗೆ ಇಬ್ಬರು ಮೂವರಾದರೂ ಇದ್ದೀರಿ. ಇಂದಿನ ಮಾತು ನಿಮಗಾಗಿ.

2019ರಲ್ಲಿ ನಾನು ಕುಂಬಳೆ ಸಮೀಪದ ಅನಂತಪುರ ದೇವಸ್ಥಾನದ ಕೆರೆಗೆ ಹೋಗಿದ್ದೆ, ಬಬಿಯಾ ಮೊಸಳೆಯ ಚಿತ್ರ ತೆಗೆಯುವ ಆಸೆಯಿಂದ. ನೀರಿನ ಮೇಲಿನ ಹೊಳಪು ಕಳೆಯುತ್ತದೆಂದು ಅಂಗಡಿಯವರು ಕೊಟ್ಟ ಪೋಲರೈಸಿಂಗ್ ಫಿಲ್ಟರನ್ನು ಲೆನ್ಸಿಗೆ ಹಾಕಿದ್ದೆ. ಎಷ್ಟು ತಿರುಗಿಸಿದರೂ ಹೊಳಪು ಹೋಗಲಿಲ್ಲ. ಚಿತ್ರದಲ್ಲಿ ಬಂದದ್ದು ನೀರಿನಲ್ಲಿ ಬಿದ್ದ ಬಿಳಿ ಆಕಾಶ ಮಾತ್ರ. ಮನೆಗೆ ಬಂದು ಪರೀಕ್ಷಿಸಿದರೆ ಅದು ಬರಿಯ ಬೂದು ಗಾಜು! 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಕೊಂಡಿತು. ಆ ಚಿತ್ರ ನನಗೆ ಇನ್ನು ದೊರೆಯುವಂತಿಲ್ಲ.

ನೀರು, ಗಾಜು, ಎಲೆಗಳ ಮೇಲಿಂದ ಓರೆಯಾಗಿ ಪ್ರತಿಫಲಿಸುವ ಬೆಳಕಿನ ಕಂಪನ ಬಹುಮಟ್ಟಿಗೆ ಒಂದೇ ದಿಕ್ಕಿನದು. ಕಿಟಕಿಯ ಸರಳುಗಳ ನಡುವೆ ಅಡಿಕೋಲನ್ನು ನೆಟ್ಟಗೆ ಹಿಡಿದರೆ ತೂರುತ್ತದೆ, ಅಡ್ಡ ಹಿಡಿದರೆ ತಡೆಯುತ್ತದಲ್ಲವೇ? ಫಿಲ್ಟರಿನ ಕೆಲಸವೂ ಹಾಗೆಯೇ.

ಪರೀಕ್ಷೆಗೆ ಒಂದು ಕ್ಯಾಲ್ಕುಲೇಟರ್ ಸಾಕು. ಬ್ಯಾಂಕಿನಲ್ಲಿದ್ದವನಾದ್ದರಿಂದ ನನ್ನ ಜೇಬಿನಲ್ಲಿ ಅದು ಈಗಲೂ ಇರುತ್ತದೆ. ಫಿಲ್ಟರಿನ ಮುಂಭಾಗ, ಅಂದರೆ ದೃಶ್ಯದ ಕಡೆಗೆ ಇರುವ ಮುಖ, ಕ್ಯಾಲ್ಕುಲೇಟರಿನ ಕಡೆಗಿರಲಿ. ಮರೆಯುಳ್ಳ ಹಿಂಬದಿಯಿಂದ ನೋಡುತ್ತಾ ನಿಧಾನವಾಗಿ ತಿರುಗಿಸಿ. ಒಂದು ಕಡೆ ಅಂಕಿಗಳ ಪರದೆ ಕಪ್ಪಾಗಬೇಕು, ಕಾಲು ಸುತ್ತಿಗೆ ಮತ್ತೆ ತಿಳಿಯಾಗಬೇಕು. ಕಪ್ಪಾಗದಿದ್ದರೆ ಹಣ ಕೊಡಬೇಡಿ.

ಎಷ್ಟು ಚೆನ್ನಾಗಿ ತಡೆಯುತ್ತದೆ ಎಂದು ತಿಳಿಯಲು ಎರಡು ಫಿಲ್ಟರ್ ಬೇಕು. ಮುಂಭಾಗಕ್ಕೆ ಮುಂಭಾಗ ತಾಗಿಸಿ, ಬಲ್ಬನ್ನು ನೋಡುತ್ತಾ ಒಂದನ್ನು ತಿರುಗಿಸಿ. ಒಳ್ಳೆಯ ಜೋಡಿಯಾದರೆ ಬಲ್ಬು ಹೆಚ್ಚುಕಡಿಮೆ ಮಾಯವಾಗುತ್ತದೆ. ಕಳಪೆಯಾದರೆ ನೇರಳೆ ಬೆಳಕು ಸೋರುತ್ತದೆ. ಹಿಂಬದಿಗಳನ್ನು ತಾಗಿಸಿ ನೋಡಿ ಮೋಸಹೋಗಬೇಡಿ.

ಇನ್ನು ‘ಸರ್ಕ್ಯುಲರ್’ ಎಂದು ಬರೆದದ್ದು ನಿಜವೇ? ಇದಕ್ಕೆ ಕನ್ನಡಿ ಸಾಕ್ಷಿ. ಮರೆಯ ಬದಿಯನ್ನು ಕನ್ನಡಿಗೆ ಹಿಡಿದು ಫಿಲ್ಟರಿನ ಮೂಲಕವೇ ಅದರ ಬಿಂಬ ನೋಡಿ. ಬಿಂಬದ ಗಾಜು ಕಪ್ಪಾಗಿ ಕಾಣಬೇಕು. ತಿರುಗಿಸಿ ಹಿಡಿದರೆ ತಿಳಿಯಾಗಬೇಕು. ಎರಡೂ ಬದಿ ತಿಳಿಯಾಗಿದ್ದರೆ ಅದು ಸರ್ಕ್ಯುಲರ್ ಅಲ್ಲ. ಒಳಗೆ ಕನ್ನಡಿಯುಳ್ಳ ಕ್ಯಾಮರಾಗಳಲ್ಲಿ ಬೆಳಕಿನ ಅಳತೆ, ಫೋಕಸ್ ಎರಡೂ ತಪ್ಪದಿರಲು ಸರ್ಕ್ಯುಲರ್ ಬೇಕು.

ಬಿಳಿ ಕಾಗದದ ಮೇಲಿಟ್ಟು ಬಣ್ಣವನ್ನೂ ನೋಡಿ. ಹಳದಿ ಅಥವಾ ಹಸಿರು ಛಾಯೆ ಎದ್ದು ಕಂಡರೆ ಮದುಮಗಳ ಸೀರೆಯ ಬಣ್ಣ ಕೆಡುತ್ತದೆ. ಸುಣ್ಣದ ಗೋಡೆಗೆ 1/250 ಸೆಕೆಂಡು ತೋರಿಸುವ ಕ್ಯಾಮರಾ ಫಿಲ್ಟರ್ ಹಾಕಿದಾಗ 1/60ಕ್ಕೆ ಇಳಿದರೆ ಎರಡು ಸ್ಟಾಪ್ ಬೆಳಕು ಹೋಯಿತು. ಅದಕ್ಕಿಂತ ಹೆಚ್ಚು ನುಂಗುವುದು ನನಗೆ ಬೇಡ.

ಅಂಗಡಿಯವರು ಗೊಣಗಿದರೂ ಇವೆಲ್ಲ ಐದು ನಿಮಿಷದ ಕೆಲಸ. ಆದರೆ ಹಿತ್ತಾಳೆ ಕೊಡ, ಸ್ಟೀಲ್ ಪಾತ್ರೆಗಳ ಹೊಳಪು ಹೋಗಲಿಲ್ಲವೆಂದು ಫಿಲ್ಟರನ್ನು ಬೈಯಬೇಡಿ. ಲೋಹದ ಹೊಳಪು ಎಂಥ ಒಳ್ಳೆಯ ಫಿಲ್ಟರಿಗೂ ಅಷ್ಟಾಗಿ ಬಗ್ಗುವುದಿಲ್ಲ.