ಗಾಲಿಕುರ್ಚಿ ಕಿರುಗುಟ್ಟಿದರೆ

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೊರಟರೆ ನೆಲಮಂಗಲಕ್ಕೆ ಮೊದಲು ಸಿಗುವ ಮಾಕಳಿಯಂಥ ಊರಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ದೂಳು, ಜಲ್ಲಿಪುಡಿ, ಮಳೆಗಾಲದ ಕೆಸರು ತಪ್ಪಿದ್ದಲ್ಲ. ಅದೆಲ್ಲ ಮೆಲ್ಲಗೆ ಚಕ್ರದ ನಡುವಿನ ಬೇರಿಂಗ್ ಸೇರುತ್ತದೆ. ಬೇರಿಂಗ್ ಸವೆದರೆ ಕುರ್ಚಿ ಒಂದು ಕಡೆಗೆ ಎಳೆಯುತ್ತದೆ, ತಳ್ಳಲು ಭಾರವಾಗುತ್ತದೆ. ಆ ಭಾರವನ್ನೆಲ್ಲ ಹೊರಬೇಕಾದ್ದು ಕೂತವರ ಭುಜ. ಎಷ್ಟೋ ಸಲ ಕುರ್ಚಿಯೇ ಹೋಯಿತೆಂದುಕೊಂಡು ಮನೆಯವರು ಅದನ್ನು ಮೂಲೆಗೆ ಸರಿಸಿಬಿಡುತ್ತಾರೆ. ಕೆಟ್ಟಿರುವುದು ಮಾತ್ರ ಉಂಗುರದಷ್ಟು ದೊಡ್ಡ ಒಂದು ಭಾಗ.

ಅದನ್ನು ಔಷಧಿ ಅಂಗಡಿಯಲ್ಲಿ ಹುಡುಕಬೇಕಿಲ್ಲ. ಬೇರಿಂಗ್ ನಂಬರಿನ ಮೇಲೆ ಸಿಗುವ ಯಂತ್ರದ ಭಾಗ. ಮಾಕಳಿಯಿಂದ ಬೆಂಗಳೂರಿನ ಕಡೆ ಬಂದರೆ ಅದೇ ರಸ್ತೆಯಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಲೇತ್, ಪ್ರೆಸ್, ವೈಸ್ ಹಿಡಿದು ದಿನವಿಡೀ ಇದೇ ಕೆಲಸ ಮಾಡುವ ಕೈಗಳು ಅಲ್ಲಿವೆ.

ನಂಬರನ್ನು ಬೇರಿಂಗ್‌ನ ಉಂಗುರದ ಮೇಲೆ ಅಥವಾ ಸೀಲಿನ ಮೇಲೆ ಒತ್ತಿರುತ್ತಾರೆ. 608 ಎಂದಿದ್ದರೆ ತೂತು 8 ಮಿ.ಮೀ., ಹೊರವ್ಯಾಸ 22, ದಪ್ಪ 7. ಇದು ಮುಂದಿನ ಚಿಕ್ಕ ಚಕ್ರಗಳಲ್ಲಿ ಸಾಮಾನ್ಯ. ಹಿಂದಿನ ದೊಡ್ಡ ಚಕ್ರದಲ್ಲಿ ಮಾದರಿಗೆ ತಕ್ಕಂತೆ 12 ಮಿ.ಮೀ. ತೂತಿನ 6001 ಅಥವಾ ಅರ್ಧ ಇಂಚಿನ ಆರ್8 ಇರಬಹುದು. ನೋಡಲು ಎರಡೂ ಒಂದೇ. ಆದರೆ ಅರ್ಧ ಇಂಚು ಎಂದರೆ 12.7 ಮಿ.ಮೀ.; 12ರ ಆಕ್ಸಲ್ ಅದರಲ್ಲಿ ಅಲ್ಲಾಡುತ್ತದೆ. ಹಾಗಾಗಿ ಕಣ್ಣಳತೆ ಬೇಡ, ಹಳೆಯ ಬೇರಿಂಗನ್ನೇ ಅಂಗಡಿಗೆ ಒಯ್ಯಬೇಕು. ನಂಬರಿನ ಮುಂದೆ ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ಎರಡೂ ಬದಿ ರಬ್ಬರ್ ಸೀಲ್. ನಮ್ಮ ದೂಳಿಗೆ ಎರಡನೆಯದೇ ಸರಿ.

ಹಾಳಾಗಿದೆಯೇ ಎಂದು ತಿಳಿಯುವುದು ಸುಲಭ. ಚಕ್ರ ಎತ್ತಿ ತಿರುಗಿಸಿದಾಗ ಗರಗರ ಸದ್ದು ಬಂದರೆ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಅನುಮಾನ ಪಡಬೇಕು. ಚಕ್ರ ಕಳಚಿ, ಬೇರಿಂಗ್‌ನ ಒಳ ಉಂಗುರವನ್ನು ಬೆರಳಿಂದ ತಿರುಗಿಸಿದಾಗ ಮರಳು ತಡೆದಂತಾದರೆ ಅದು ಮುಗಿದ ಹಾಗೆ. ಮುಂದಿನ ಚಕ್ರ ಮೊದಲು ಕೆಡುವುದಕ್ಕೆ ಕಾರಣವಿದೆ. 24 ಇಂಚಿನ ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ 8 ಇಂಚಿನದು ಮೂರು ಸುತ್ತು ಬಂದಿರುತ್ತದೆ. ಜೊತೆಗೆ ಕೂದಲು, ದಾರ ಎಲ್ಲ ಅದರ ಆಕ್ಸಲ್‌ಗೇ ಸುತ್ತಿಕೊಳ್ಳುತ್ತದೆ. ಇದನ್ನು ಆಗಾಗ ಬಿಡಿಸಿ ತೆಗೆದರೆ ಅರ್ಧ ಕಷ್ಟ ಕಳೆಯಿತು. ಸೀಲಿರುವ ಬೇರಿಂಗ್‌ಗೆ ಸ್ಪ್ರೇ ಎಣ್ಣೆ ಹೊಡೆಯುವುದು ಮಾತ್ರ ಬೇಡವೇ ಬೇಡ, ಒಳಗಿನ ಗ್ರೀಸು ತೆಳುವಾಗಿ ಹರಿದುಹೋಗುತ್ತದೆ.

ಬದಲಿಸುವಾಗ ಸುತ್ತಿಗೆಯ ಆತುರವೇ ಶತ್ರು. ಹಳೆಯದನ್ನು ಒಳಗಿನಿಂದ ಕಚ್ಚಿ ಎಳೆಯುವ ಪುಲ್ಲರ್ ಇದ್ದರೆ ಚಕ್ರದ ನಡುವಿನ ಹಬ್‌ಗೆ ಗಾಯವಾಗದು. ಬೇರಿಂಗನ್ನು ಹಿಡಿದಿಡುವ ಸರ್ಕ್ಲಿಪ್ ಇದ್ದರೆ ಅದನ್ನು ಮೊದಲು ತೆಗೆಯಬೇಕು. ಎರಡು ಬೇರಿಂಗ್‌ಗಳ ನಡುವೆ ಸ್ಪೇಸರ್ ಇದ್ದರೆ ಕಳೆಯದೆ ಮತ್ತೆ ಹಾಕಲೇಬೇಕು, ಇಲ್ಲದಿದ್ದರೆ ನಟ್ ಬಿಗಿಸಿದೊಡನೆ ಚಕ್ರ ಹಿಡಿಯುತ್ತದೆ. ಹೊಸದನ್ನು ಹಬ್‌ಗೆ ಕೂರಿಸುವಾಗ ಒತ್ತಡ ಹೊರ ಉಂಗುರದ ಮೇಲಷ್ಟೇ ಬೀಳಬೇಕು. ಒಳ ಉಂಗುರಕ್ಕೆ ಪೆಟ್ಟು ಬಿದ್ದರೆ ಗುಂಡುಗಳು ತಮ್ಮ ಹಾದಿಯಲ್ಲೇ ಗುಳಿ ಮಾಡಿ, ಹೊಸ ಬೇರಿಂಗ್ ಅಂದೇ ಹಳತಾಗುತ್ತದೆ. ಹೊರ ಉಂಗುರದ ಅಳತೆಯ ಬುಷ್ ಇಟ್ಟು, ಉದ್ದನೆಯ ಬೋಲ್ಟು, ನಟ್ಟು, ದಪ್ಪ ವಾಷರ್‌ಗಳಿಂದ ನಿಧಾನಕ್ಕೆ ಎಳೆದುಕೊಂಡರೆ ಅದು ನೇರವಾಗಿ ಕೂರುತ್ತದೆ. ಗುಂಡಿ ಒತ್ತಿ ಬಿಚ್ಚುವ ಆಕ್ಸಲ್ ಆಗಿದ್ದರೆ, ಚಕ್ರ ಹಾಕಿದ ಮೇಲೆ ಗುಂಡಿ ಒತ್ತದೆ ಒಮ್ಮೆ ಜಗ್ಗಿ ನೋಡಬೇಕು. ಈ ಪರೀಕ್ಷೆ ಮುಗಿಯುವ ತನಕ ಯಾರನ್ನೂ ಕುರ್ಚಿಯಲ್ಲಿ ಕೂರಿಸಬಾರದು.

ವಿಶ್ವ ಆರೋಗ್ಯ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲಿ ಗಾಲಿಕುರ್ಚಿ ಸೇವೆಯನ್ನು ಎಂಟು ಹಂತವಾಗಿ ವಿವರಿಸಿತು. ಎಂಟನೆಯದೇ ನಿರ್ವಹಣೆ ಮತ್ತು ದುರಸ್ತಿ. ಬೆಂಗಳೂರಿನಲ್ಲಿ 1959ರಿಂದ ಎಪಿಡಿ, 1994ರಿಂದ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆಗಳು ಅಂಗವಿಕಲರಿಗಾಗಿ ದುಡಿಯುತ್ತಿವೆ; ಗಾಲಿಕುರ್ಚಿಯ ಬಗ್ಗೆ ಬಲ್ಲವರಿಗೆ ಇಲ್ಲಿ ಬರವಿಲ್ಲ. ಶಿಬಿರ ನಡೆಸಿ ಕುರ್ಚಿ ಹಂಚುವ ದಾನಿಗಳು ಪ್ರತಿ ಕುರ್ಚಿಯೊಂದಿಗೆ ಒಂದು ಜೊತೆ ಬೇರಿಂಗ್‌ಗಳನ್ನೂ ಅವುಗಳ ನಂಬರು ಬರೆದ ಚೀಟಿಯನ್ನೂ ಕೊಡಲಿ. ಪೀಣ್ಯದ ವರ್ಕ್‌ಶಾಪಿನವರು ತಿಂಗಳಿಗೊಂದು ಮಧ್ಯಾಹ್ನ ತಮ್ಮ ಪುಲ್ಲರನ್ನು ಈ ಕುರ್ಚಿಗಳಿಗೆಂದು ಮೀಸಲಿಡಲಿ.