ಕಾಡ್ಗಿಚ್ಚನ್ನು ಅಳೆಯುವವರು

ಮಕ್ಕಳೇ, ಭಾನುವಾರ ಬಂತೆಂದರೆ ಬೆನ್ನಿಗೆ ಚೀಲ ಏರಿಸಿ ಸಿಂಹಗಡ, ರಾಜಗಡ ಎಂದು ಹೊರಡುವವರು ನೀವು. ಅದಕ್ಕೇ ಕಾಡ್ಗಿಚ್ಚಿನ ಅಭ್ಯಾಸಿಗಳ ಶಿಸ್ತನ್ನು ನಿಮಗೆ ಹೇಳಬೇಕೆನಿಸಿತು.

ಬಂಡೀಪುರಕ್ಕೆ ಅಂಟಿಕೊಂಡಿರುವ ತಮಿಳುನಾಡಿನ ಮುದುಮಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡನ್ನು ಗುರುತುಮಾಡಿಕೊಂಡು, ಬೆರಳು ಗಾತ್ರದ ಗಿಡಕ್ಕೂ ನಂಬರು ಕಟ್ಟಿ, ಬೆಂಕಿ ಬಿದ್ದಾಗ ಯಾವುದು ಸತ್ತಿತು, ಯಾವುದು ಚಿಗುರಿತು ಎಂದು ಲೆಕ್ಕವಿಡುತ್ತಿದ್ದಾರೆ. ಇದು ಬೆಂಕಿ ಆರಿದ ಮೇಲಿನ ಕೆಲಸ. ಉರಿಯುವಾಗಲೇ ಅಳೆಯಲು ಹೋಗುವವರ ಪಾಡು ಬೇರೆ. ಅಮೆರಿಕದಲ್ಲಿ ಅಂಥ ವಿಜ್ಞಾನಿಗಳೂ ಬೆಂಕಿ ಆರಿಸುವವರ ತರಬೇತಿ ಪಡೆದೇ ಒಳಗೆ ಕಾಲಿಡಬೇಕು. ಅಲ್ಲಿನ ಅಗ್ನಿಶಾಮಕ ಪಾಲ್ ಗ್ಲೀಸನ್ 1991ರಲ್ಲಿ ನಿಯಮವನ್ನು ನಾಲ್ಕೇ ಮಾತಿನಲ್ಲಿ ಕಟ್ಟಿಕೊಟ್ಟರು: ಕಾವಲಿಗೊಬ್ಬರು, ಎಲ್ಲರೊಡನೆ ಸಂಪರ್ಕ, ಪಾರಾಗುವ ದಾರಿ, ಸುರಕ್ಷಿತ ಜಾಗ. ಕೆಲಸ ಶುರುವಾಗುವ ಮೊದಲೇ ಇವು ಗೊತ್ತಾಗಿರಬೇಕು. ಪೂರ್ತಿ ಸುಟ್ಟು ಕರಿಯಾದ ನೆಲವೇ ಎಷ್ಟೋ ಸಲ ಆ ಜಾಗ. ಅಲ್ಲಿ ಮತ್ತೆ ಉರಿಯಲು ಏನೂ ಉಳಿದಿರುವುದಿಲ್ಲ. ನೈಲಾನ್ ಬಟ್ಟೆ ಕೂಡದು, ಕರಗಿ ಚರ್ಮಕ್ಕೆ ಅಂಟುತ್ತದೆ. (ಒಲೆಯ ಮುಂದೆ ನಿಲ್ಲುವ ನಮಗೆ ಇದನ್ನು ವಿಜ್ಞಾನಿ ಹೇಳಬೇಕಿಲ್ಲ!)

2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಮರಳಲಿಲ್ಲ. 2018ರ ಮಾರ್ಚಿನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಬೆಂಕಿಗೆ ಸಿಕ್ಕು ಸತ್ತವರು 20ಕ್ಕೂ ಹೆಚ್ಚು ಮಂದಿ. ಚಾರಣಕ್ಕೆ ಹೋದವರು, ನಿಮ್ಮಂಥವರೇ.

ಬೆಂಕಿ ಏರಿನಲ್ಲಿ ಜೋರಾಗಿ ಓಡುತ್ತದೆ, ಮೇಲಿನ ಹುಲ್ಲನ್ನು ಮೊದಲೇ ಕಾಯಿಸುತ್ತಾ ಹೋಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಗುಡ್ಡ ಹತ್ತುವಾಗ ಗಾಳಿ ಯಾವ ಕಡೆಯದೆಂದು ನೋಡಿಕೊಳ್ಳಿ, ಇಳಿಯಲು ಎರಡು ದಾರಿ ತಿಳಿದಿರಲಿ. ಕೆಳಗಿನಿಂದ ಹೊಗೆ ಎದ್ದರೆ ಮೇಲಕ್ಕೆ ಓಡಬೇಡಿ. ಪಕ್ಕಕ್ಕೆ ಸರಿದು, ಹುಲ್ಲಿಲ್ಲದ ಬಯಲು ಸೇರಿ. ಚೀಲ, ಊಟದ ಡಬ್ಬಿ ಅಲ್ಲೇ ಬಿಟ್ಟುಬನ್ನಿ, ಅಮ್ಮ ಬಯ್ಯುವುದಿಲ್ಲ.